ತಡಗಿತ್ತಿ

ಫೆಬ್ರವರಿ 9

ಅಪ್ಪನಿಗೆ,

ನಿನ್ನ ಕಾಗದ ನಿನ್ನೆ ಕೈಸೇರಿತು. ನಾಲ್ಕು ಪುಟ. ಮೊದಲನೆಯ ಪುಟದಲ್ಲಿ ರಸ್ತೆಗೆ ಬಿದ್ದ ಮರಳು, ಎರಡನೆಯದರಲ್ಲಿ ಮರಳು ತಳ್ಳುವ ಗ್ರೇಡರಿನ ಬೆಲ್ಟ್ ಹರಿದದ್ದು, ಮೂರನೆಯದರಲ್ಲಿ ಹೊಸ ಮೇಸ್ತ್ರಿಗೆ ತಲೆಯಿಲ್ಲ ಎಂಬುದು, ನಾಲ್ಕನೆಯದರಲ್ಲಿ ಮತ್ತೆ ಮರಳು. ನಾನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಕಾಗದ ತಿರುಗಿಸಿ ಹಿಂದುಗಡೆಯೂ ನೋಡಿದೆ.

ಇನ್ನೊಮ್ಮೆ ಕೇಳುತ್ತೇನೆ, ಈ ಸಲ ಚಹಾ ಲೋಟ ಪಕ್ಕಕ್ಕಿಟ್ಟು ಓದು. ನಮ್ಮ ಸಸ್ಯ ಕಚೇರಿಯಿಂದ ಮರುಭೂಮಿಯ ಕಾಡುಹೂಗಳ ಕೈಪಿಡಿ ಬರುತ್ತಿದೆ. ಇನ್ನೂರ ಹನ್ನೆರಡು ಗಿಡ. ಒಂದೊಂದು ಗಿಡಕ್ಕೂ ಮೇಲೆ ಶಾಸ್ತ್ರದ ಹೆಸರು, ಅದರ ಕೆಳಗೆ ಜನ ಕರೆಯುವ ಹೆಸರು, ಅದರ ಕೆಳಗೆ ಆ ಹೆಸರು ಹೇಳಿದವರು ಯಾರು ಎಂಬುದು. ಇನ್ನೂರ ಹನ್ನೊಂದಕ್ಕೆ ಹೆಸರು ಸಿಕ್ಕಿದೆ. ಒಂದಕ್ಕೆ ಸಿಕ್ಕಿಲ್ಲ, ಮತ್ತು ಆ ಒಂದು ಬೆಳೆಯುವುದು ನಿನ್ನ ರಸ್ತೆಯ ಅಂಚಿನಲ್ಲಿ.

ನೆಲಕ್ಕೆ ಅಂಟಿಕೊಂಡು ಹರಡುವ ಗಿಡ. ಅಂಗೈಯಗಲ. ಬೂದು ಎಲೆ, ಅದರ ಮೇಲೆ ಬೆಕ್ಕಿನ ಕಿವಿಯಲ್ಲಿರುವಂಥ ನವಿರು ರೋಮ. ಹೂವು ಬಿಳಿ, ಅಂಗಿಯ ಗುಂಡಿಯಷ್ಟು, ನಡುವೆ ಒಂದು ನೇರಳೆ ಚುಕ್ಕೆ. ನಿಂತು ನೋಡಿದರೆ ಕಾಣುವುದೇ ಇಲ್ಲ, ಕೂರಬೇಕು. ಮೇಕೆ ಮೇಯಿಸಲು ಹೋದಾಗ ಅಜ್ಜಿ ನನ್ನನ್ನು ಅದರ ಪಕ್ಕ ಕೂರಿಸಿ ತೋರಿಸುತ್ತಿದ್ದಳು. ಒಂದು ಹೆಸರನ್ನೂ ಹೇಳುತ್ತಿದ್ದಳು. ಅದು ನನ್ನ ನಾಲಿಗೆಯ ತುದಿವರೆಗೆ ಬರುತ್ತದೆ, ಆಮೇಲೆ ವಾಪಸು ಹೋಗುತ್ತದೆ.

ನಮ್ಮ ಸಂಪಾದಕರಿಗೆ ಖಾಲಿ ಜಾಗ ಕಂಡರೆ ಆಗದು. ಮಾರ್ಚ್ ಕೊನೆಯೊಳಗೆ ಹೆಸರು ಸಿಗದಿದ್ದರೆ ತಾವೇ ಒಂದು ಇಡುತ್ತಾರಂತೆ. ಈಗಾಗಲೇ ಯೋಚಿಸಿಟ್ಟಿದ್ದಾರೆ: ‘ಮರಳ ಮುತ್ತು’. ಹೇಳುವಾಗ ಕಣ್ಣು ಮುಚ್ಚಿಕೊಂಡರು.

ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಗ್ರೇಡರ್ ಓಡಿಸಿ ಮರಳು ತಳ್ಳಿದವನು ನೀನು. ನಿನಗೆ ಗೊತ್ತಿರಲೇಬೇಕು. ಫೋನಿನಲ್ಲೇ ಕೇಳುತ್ತಿದ್ದೆ, ಆದರೆ ಆ ಯಂತ್ರದ ಸದ್ದಿಗೆ ಕಿವಿ ಕಳೆದುಕೊಂಡಿದ್ದೀಯ, ನಾನು ‘ಹೂವು’ ಅಂದರೆ ನೀನು ‘ಹೌದು’ ಅನ್ನುತ್ತೀಯ. ಆದ್ದರಿಂದ ಬರೆ. ಒಂದೇ ಪದ ಸಾಕು.

ನಿನ್ನ ಮಗಳು

*

ಫೆಬ್ರವರಿ 17

ಮಗಳಿಗೆ,

ಒಂದೇ ಪದ ಸಾಕೆಂದು ನೀನು ಬರೆದದ್ದು ಎರಡು ಪುಟ. ಇರಲಿ.

ನೀನು ಹೇಳಿದ ಗಿಡ ಯಾವುದೆಂದು ಗೊತ್ತಾಯಿತು. ಜನವರಿಯಲ್ಲಿ ಎರಡು ದಿನ ಮಳೆ ಬಿದ್ದದ್ದರಿಂದ ಈ ಸಲ ಮೂವತ್ತೆಂಟನೆಯ ಕಿಲೋಮೀಟರ್ ಕಲ್ಲಿನಿಂದ ನಲವತ್ತೊಂದರವರೆಗೆ ಎಡಗಡೆ ಬೇಕಾದಷ್ಟು ಬಂದಿದೆ. ಹೂವಿರುವಲ್ಲಿ ನಾನು ಬ್ಲೇಡ್ ಎತ್ತಿಕೊಂಡು ಹೋಗುತ್ತೇನೆಂದು ಊಹಿಸಬೇಡ. ಮರಳು ತಳ್ಳುವುದು ನನ್ನ ಕೆಲಸ. ಅದು ಪಕ್ಕಕ್ಕೆ ಬೆಳೆಯುವುದು ಕಲಿಯಬೇಕು.

ನಿನ್ನ ಸಲುವಾಗಿ ನಾಲ್ಕು ಜನರನ್ನು ಕೇಳಿದೆ. ನೀರಿನ ಟ್ಯಾಂಕರಿನವನು ‘ತೇಪೆ ಹೂ’ ಅನ್ನುತ್ತಾನೆ, ಟ್ಯೂಬಿಗೆ ಹಚ್ಚುವ ತೇಪೆಯ ಹಾಗೆ ಕಾಣುತ್ತದಂತೆ. ಅವನಿಗೆ ಲೋಕವೆಲ್ಲ ಪಂಕ್ಚರಾಗಿಯೇ ಕಾಣುತ್ತದೆ. ಅವನ ಹೆಂಡತಿ ‘ಹಲ್ಲಿ ಹಾಸಿಗೆ’ ಅಂದಳು. ಗಂಡಹೆಂಡತಿ ಇಬ್ಬರೂ ನನ್ನೆದುರೇ ಜಗಳಕ್ಕೆ ನಿಂತರು, ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಕ್ಯಾಂಟೀನಿನವನು “ನಾನು ಹೊಲಗದ್ದೆ ಬಿಟ್ಟು ಇಲ್ಲಿಗೆ ಬಂದದ್ದೇ ಗಿಡ ನೋಡಬಾರದು ಅಂತ” ಎಂದ. ಮೇಸ್ತ್ರಿಯನ್ನು ಕೇಳಿದರೆ “ಅದಕ್ಕೇನ್ರೀ ಹೆಸರು, ಕಸ” ಅಂದ. ಅವನಿಗೆ ತಲೆಯಿಲ್ಲವೆಂದು ನಾನು ಬರೆದದ್ದು ಸುಮ್ಮನೆ ಅಲ್ಲ.

ನಿನ್ನ ಅಜ್ಜಿ ಏನೆನ್ನುತ್ತಿದ್ದಳೋ ನನಗೆ ನೆನಪಿಲ್ಲ.

ನಿಮ್ಮ ಸಂಪಾದಕರಿಗೆ ಹೇಳು, ಮುತ್ತೂ ಇಲ್ಲ ಗಿತ್ತೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಬಂದು ಅದರ ಪಕ್ಕ ಕುಳಿತು ಆ ಹೆಸರು ಹೇಳಲಿ ನೋಡೋಣ. ಕಣ್ಣು ಮುಚ್ಚಬೇಕಾಗಿಲ್ಲ, ಮರಳು ಬಿದ್ದು ತಾನಾಗಿಯೇ ಮುಚ್ಚುತ್ತದೆ.

ಬೆಲ್ಟ್ ಇನ್ನೂ ಬಂದಿಲ್ಲ.

ಅಪ್ಪ

*

ಫೆಬ್ರವರಿ 26

ಅಪ್ಪನಿಗೆ,

ನೆನಪಿಲ್ಲ ಎಂದು ಬರೆದಿದ್ದೀಯ. ನಾನು ಹುಟ್ಟಿದ ವರ್ಷ ಇದ್ದ ಗ್ರೇಡರಿನ ನಂಬರು ನಿನಗೆ ನೆನಪಿದೆ. ಹದಿನಾರು ವರ್ಷದ ಹಿಂದೆ ಯಾವ ಮೇಸ್ತ್ರಿ ಯಾವ ದಿನ ನಿನಗೆ ಏನೆಂದ ಎಂಬುದು ನೆನಪಿದೆ. ನಿನ್ನ ತಾಯಿ ಕರೆಯುತ್ತಿದ್ದ ಒಂದು ಹೂವಿನ ಹೆಸರು ಮಾತ್ರ ನೆನಪಿಲ್ಲ. ನನ್ನನ್ನು ಯಾರೆಂದುಕೊಂಡಿದ್ದೀಯ?

ಸರಿ, ನಿನಗೆ ನೆನಪಿಲ್ಲವೆಂದೇ ಇಟ್ಟುಕೊಳ್ಳೋಣ. ಅತ್ತೆಗೆ ಇರುತ್ತದೆ. ನಿನ್ನ ಅಕ್ಕ ನಿನ್ನಿಂದ ಎಂಬತ್ತು ಕಿಲೋಮೀಟರ್ ದೂರದ ಹವಾಮಾನ ಕೇಂದ್ರದಲ್ಲಿ ಕುಳಿತು ದಿನಾ ಮಳೆ ಅಳೆಯುತ್ತಾಳೆ. ಮಳೆಯೇ ಬೀಳದ ಕಡೆ ಮಳೆ ಅಳೆಯುವವಳ ಹತ್ತಿರ ಒಂದು ಪ್ರಶ್ನೆಗೆ ಬಿಡುವಿರುತ್ತದೆ. ಶನಿವಾರದ ಅಂಚೆ ವ್ಯಾನಿನಲ್ಲಿ ಹೋಗಿ ಕೇಳಿ ಬಾ.

ನೀನು ಹೋಗುವುದಿಲ್ಲವೆಂದು ಗೊತ್ತು. ಹನ್ನೊಂದು ವರ್ಷವಾಯಿತು ಮಾತು ಬಿಟ್ಟು. ಅಜ್ಜಿ ಸತ್ತ ವಾರವೇ ಒಂದು ತಗಡಿನ ಪೆಟ್ಟಿಗೆಗೋಸ್ಕರ ಒಡಹುಟ್ಟಿದವರಿಬ್ಬರು ಜಗಳವಾಡಿ ಕೂತಿದ್ದೀರಿ. ಏನಿತ್ತು ಅದರಲ್ಲಿ? ಎರಡು ಸೀರೆ, ಒಂದು ಕನ್ನಡಕ. ಆಗ ನಾನು ಹತ್ತೊಂಬತ್ತರವಳು, ದೊಡ್ಡವರ ವಿಷಯ ಎಂದು ಸುಮ್ಮನಿದ್ದೆ. ಈಗ ನನಗೆ ಮೂವತ್ತು. ಈಗ ನೋಡಿದರೆ ನೀವಿಬ್ಬರೇ ಹತ್ತೊಂಬತ್ತರವರ ಹಾಗೆ ಆಡುತ್ತಿದ್ದೀರಿ. ಒಬ್ಬರಾದರೂ ಬಗ್ಗಬೇಡವೇ? ಬೇಕಾದರೆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ ಅವಳ ಬಾಗಿಲಲ್ಲಿಟ್ಟು ಬಾ.

ನೀನು ಹೋಗದಿದ್ದರೆ ನಾನೇ ಅವಳಿಗೆ ಬರೆಯುತ್ತೇನೆ.

ನಿನ್ನ ಮಗಳು

*

ಮಾರ್ಚ್ 5

ಮಗಳಿಗೆ,

ಅವಳಿಗೆ ಬರೆಯಬೇಡ.

‘ಮರಳ ಮುತ್ತು’ ಚೆನ್ನಾಗಿಯೇ ಇದೆ. ಅದನ್ನೇ ಹಾಕಿ ಮುಗಿಸು.

ಅಪ್ಪ

*

ಮಾರ್ಚ್ 12

ಅತ್ತೆಗೆ ನಮಸ್ಕಾರ.

ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ, ಅದೂ ಸ್ವಾರ್ಥಕ್ಕೆ. ಬೈಯುವುದಿದ್ದರೆ ಉತ್ತರದ ಕೊನೆಯಲ್ಲಿ ಬೈಯಿರಿ. ಮೊದಲ ಸಾಲಿನಲ್ಲಿ ನನಗೆ ಬೇಕಾದದ್ದನ್ನು ಬರೆದುಬಿಡಿ, ಏಕೆಂದರೆ ಈ ಮನೆತನದವರ ಕಾಗದಗಳಲ್ಲಿ ಬೇಕಾದದ್ದು ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ನಾನು ಸಸ್ಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾಡುಹೂಗಳ ಕೈಪಿಡಿ ತರುತ್ತಿದ್ದೇವೆ. ಒಂದು ಹೂವಿಗೆ ಜನ ಕರೆಯುವ ಹೆಸರು ಸಿಕ್ಕಿಲ್ಲ. ಅದರ ಚಿತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ನಮ್ಮ ಚಿತ್ರಕಾರ ಎಲೆಯನ್ನು ಸ್ವಲ್ಪ ದಪ್ಪ ಮಾಡಿದ್ದಾನೆ, ಹೊಟ್ಟೆಗೆ ಹಾಕಿಕೊಳ್ಳಿ. ಅಜ್ಜಿ ಇದನ್ನು ಏನೆಂದು ಕರೆಯುತ್ತಿದ್ದಳು?

ಅಪ್ಪನನ್ನು ಕೇಳಿದೆ. ಮೊದಲು ಮಾತು ಮರೆಸಿದ, ಆಮೇಲೆ ನೆನಪಿಲ್ಲ ಅಂದ, ನಿಮ್ಮ ಹೆಸರೆತ್ತಿದ ಕೂಡಲೇ ಎರಡು ಸಾಲು ಬರೆದು ಬಾಯಿ ಮುಚ್ಚಿದ. ಆ ಪೆಟ್ಟಿಗೆಯ ಜಗಳ ಇಷ್ಟು ವರ್ಷ ಎಳೆಯುವಂಥದ್ದಾಗಿತ್ತೇ ಅತ್ತೆ? ತಪ್ಪು ಯಾರದೆಂದು ನಾನು ಕೇಳುವುದಿಲ್ಲ. ನೀವು ದೊಡ್ಡವರು. ಒಂದು ಹೆಜ್ಜೆ ನೀವಿಟ್ಟಿದ್ದರೆ ಅವನು ನಾಲ್ಕು ಇಡುತ್ತಿದ್ದನೇನೋ.

ಹೆಚ್ಚು ಮಾತಾಡಿದ್ದರೆ ಕ್ಷಮಿಸಿ. ಹೆಸರನ್ನು ಮಾತ್ರ ದಯವಿಟ್ಟು ಬರೆಯಿರಿ.

ನಿಮ್ಮ ಸೊಸೆ

*

ಮಾರ್ಚ್ 21

ಸೊಸೆಗೆ,

ತಡಗಿತ್ತಿ. ಅದೇ ಹೆಸರು. ಮೊದಲ ಸಾಲಿನಲ್ಲಿ ಬೇಕು ಅಂದೆ, ಕೊಟ್ಟಿದ್ದೇನೆ.

ಒಂದೇ ಸಲಕ್ಕೆ ಹದಿನೈದು ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ ಮಾತ್ರ ಈ ಗಿಡ ಏಳುತ್ತದೆ. ಈ ವರ್ಷ ಜನವರಿಯಲ್ಲಿ ಹತ್ತೊಂಬತ್ತು ಬಿತ್ತು. ಬೇರೆ ಹೂಗಳೆಲ್ಲ ಬಂದು ಮೆರೆದು ಒಣಗಿದ ಮೇಲೆ ಇದು ಬರುತ್ತದೆ. ದಿನವೂ ಹಾಗೆಯೇ, ಉಳಿದವು ಬೆಳಗಾಗುತ್ತಲೇ ಅರಳಿದರೆ ಇದು ಬಿಸಿಲು ಚುರುಗುಟ್ಟಿದ ಮೇಲೆ ಕಣ್ಣು ಬಿಡುತ್ತದೆ. ಅಮ್ಮ ಮೇಕೆ ಹೊಡೆದುಕೊಂಡು ಹೋಗುತ್ತ “ಎದ್ದಳಾ ನಮ್ಮ ತಡಗಿತ್ತಿ, ಮಹಾರಾಣಿ” ಅನ್ನುತ್ತಿದ್ದಳು. ಅವಳು ಆ ಹೂವನ್ನು ಒಂದು ದಿನವೂ ಹೊಗಳಿದವಳಲ್ಲ. ಆದರೆ ಮೇಕೆ ಅದಕ್ಕೆ ಬಾಯಿ ಹಾಕಿದರೆ ಕೋಲು ಬೀಸುತ್ತಿದ್ದಳು.

ನಿನ್ನ ಅಪ್ಪನಿಗೆ ಇದು ನನ್ನಷ್ಟೇ ಚೆನ್ನಾಗಿ ಗೊತ್ತು. ಯಾಕೆಂದರೆ ಮನೆಯಲ್ಲಿ ತಡಗಿತ್ತಿ ಅಂದರೆ ನಾನು. ಚಿಕ್ಕವಳಿದ್ದಾಗ ಏಳುವುದು ತಡ, ಊಟ ತಡ, ಶಾಲೆಗೆ ದಿನಾ ತಡ. ಅಮ್ಮ ಹೂವನ್ನೂ ನನ್ನನ್ನೂ ಒಂದೇ ಹೆಸರಲ್ಲಿ ಬೈಯುತ್ತಿದ್ದಳು. ಈಗ ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಎಂಟೂವರೆಯ ಲೆಕ್ಕ ಒಂದು ನಿಮಿಷ ಆಚೀಚೆ ಮಾಡಿಲ್ಲ. ಅದನ್ನು ನೋಡಲು ಅವಳು ಇಲ್ಲಿಗೆ ಒಮ್ಮೆಯೂ ಬರಲಿಲ್ಲ.

ಇನ್ನು ಪೆಟ್ಟಿಗೆ. ಯಾವ ಪೆಟ್ಟಿಗೆ? ಆ ಪೆಟ್ಟಿಗೆ ಬೇಕೆಂದು ನಾನು ಯಾವತ್ತೂ ಕೇಳಿಲ್ಲ. ಅದರ ಬೀಗವೇ ಕೆಟ್ಟಿತ್ತು. ನಿನಗೆ ಯಾರು ಹೇಳಿದರೋ ಈ ಕಥೆ. ಯಾರು ಅಂತ ಗೊತ್ತು ಬಿಡು.

ಆಗಿದ್ದು ಇದು. ಅಮ್ಮ ಹೋದ ನಾಲ್ಕನೆಯ ದಿನ ಅಂಚೆ ವ್ಯಾನು ಬಂತು. ಹೊಸ ಥರ್ಮಾಮೀಟರ್ ಬಂದಿತ್ತು, ರುಜು ಹಾಕುತ್ತಿದ್ದೆ. ವ್ಯಾನಿನವನು “ನಿಮ್ಮ ತಾಯಿ ಹೋಗ್ಬಿಟ್ರಂತಲ್ಲ, ಪಾಪ, ಮಣ್ಣಿಗೆ ತುಂಬ ಜನ ಸೇರಿದ್ರಾ?” ಅಂದ. ನನಗೆ ಗೊತ್ತಿದೆ ಅಂದುಕೊಂಡೇ ಕೇಳಿದ್ದು, ಅವನ ತಪ್ಪಲ್ಲ. ನಾನು ರುಜು ಪೂರ್ತಿ ಹಾಕಿದೆ. ಅದೇ ವ್ಯಾನು ಹತ್ತಿ ನಿಮ್ಮ ಕ್ವಾರ್ಟರ್ಸಿಗೆ ಹೋದೆ. ನೀನು ಆ ಹೊತ್ತಿಗೆ ಊರಿಗೆ ವಾಪಸು ಹೋಗಿದ್ದೆ. ನಿನ್ನ ಅಪ್ಪ ಬಾಗಿಲಲ್ಲಿ ನಿಂತಿದ್ದ. “ಯಾಕೋ ನನಗೆ ಹೇಳಿ ಕಳಿಸಲಿಲ್ಲ?” ಅಂತ ಕೇಳಿದೆ. ನೆಲ ನೋಡಿಕೊಂಡು “ಮರೆತೆ ಅಕ್ಕ” ಅಂದ.

ಅಂಗಡಿಯಿಂದ ಸೋಪು ತರುವುದು ಮರೆತ ಹಾಗೆ. ತಾಯಿ ಸತ್ತದ್ದನ್ನು ಅವಳ ಮಗಳಿಗೆ ತಿಳಿಸುವುದು ಮರೆತ ಮನುಷ್ಯನ ಜೊತೆ ಮುಂದೆ ಏನು ಮಾತಾಡಲಿ? ಮಣ್ಣು ಮಾಡಿದ ಜಾಗ ಯಾವುದೆಂದೂ ಕೇಳಲಿಲ್ಲ. ಬಂದ ವ್ಯಾನಿನಲ್ಲೇ ತಿರುಗಿ ಬಂದೆ. ಮೂರು ದಿನ ತಡವಾಗಿ ಬಂದವಳ ಹೆಸರನ್ನು ಅವನು ನಿನಗೆ ಹೇಗೆ ಬರೆದು ಕಳಿಸಿಯಾನು.

ಒಂದು ಹೆಜ್ಜೆ ನಾನಿಡಬೇಕಿತ್ತು ಅಂದೆಯಲ್ಲ. ಎಂಬತ್ತು ಕಿಲೋಮೀಟರ್ ಇಟ್ಟಿದ್ದೆ.

ಎಲೆ ದಪ್ಪವಾಗಿದೆ, ನಿಜ. ಚುಕ್ಕೆಯೂ ಸರಿಯಿಲ್ಲ. ಅದು ನಡುವೆ ಇರುವುದಿಲ್ಲ, ಸ್ವಲ್ಪ ಕೆಳಗಿರುತ್ತದೆ. ತಿದ್ದಿಸು.

ಅತ್ತೆ

*

ಏಪ್ರಿಲ್ 6

ಅತ್ತೆಗೆ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಚುಕ್ಕೆ ತಿದ್ದಿಸಿದೆ. ಹೆಸರು ಹಾಕಿಸಿದೆ. ಅದೆಲ್ಲ ಒಂದೇ ದಿನದಲ್ಲಿ ಮುಗಿಯಿತು. ಉಳಿದ ಒಂಬತ್ತು ದಿನ ಈ ಕಾಗದವನ್ನು ಬರೆದು ಬರೆದು ಹರಿದಿದ್ದೇನೆ. ನನ್ನ ಮೇಲೆ ನನಗೇ ರೇಗಿಹೋಗಿದೆ. ಇದನ್ನು ಹರಿಯುವುದಿಲ್ಲ.

ಅಪ್ಪ ಮರೆತಿರಲಿಲ್ಲ.

ಅಜ್ಜಿ ಹೋದ ದಿನ ಅವನು ಉಪ್ಪಿನ ಲಾರಿಯವನ ಕೈಯಲ್ಲಿ ನನ್ನ ಹಾಸ್ಟೆಲಿಗೆ ಚೀಟಿ ಕಳಿಸಿದ. ಆಗ ಕ್ವಾರ್ಟರ್ಸಿನಲ್ಲಿ ಫೋನಿರಲಿಲ್ಲ. ಚೀಟಿಯಲ್ಲಿ ಮೂರು ಸಾಲು: ‘ಅಜ್ಜಿ ಹೋದಳು. ಅತ್ತೆಯ ಕೇಂದ್ರಕ್ಕೆ ಫೋನು ಮಾಡಿ ತಿಳಿಸು. ನಾಳೆ ಸಂಜೆಯವರೆಗೆ ಕಾಯುತ್ತೇನೆ.’

ಅಂಚೆ ಕಚೇರಿಗೆ ಓಡಿದೆ. ಮೂರು ಸಲ ಫೋನು ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಸಂಜೆ ಐದೂವರೆ. ಆ ಹೊತ್ತಿಗೆ ನೀವು ಹೊರಗೆ ಸಂಜೆಯ ಲೆಕ್ಕ ಬರೆದುಕೊಳ್ಳುತ್ತಿರುತ್ತೀರಿ ಎಂಬುದು ನನಗೆ ಗೊತ್ತಿತ್ತು. ಅರ್ಧ ಗಂಟೆ ಅಲ್ಲೇ ನಿಂತಿದ್ದರೆ ಸಿಗುತ್ತಿದ್ದಿರಿ. ಕಚೇರಿ ಮುಚ್ಚುವ ಹೊತ್ತಾಗಿತ್ತು, ಗುಮಾಸ್ತ ಕೀಲಿಕೈ ಆಡಿಸುತ್ತಿದ್ದ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಮಾಡೋಣ ಅಂದುಕೊಂಡೆ. ಲಾರಿ ಬೆಳಿಗ್ಗೆ ಆರಕ್ಕೇ ಹೊರಟಿತು, ಅಂಚೆ ಕಚೇರಿ ತೆರೆದಿರಲಿಲ್ಲ. ಹತ್ತಿ ಕೂತೆ.

ಮಧ್ಯಾಹ್ನ ಇಳಿದಾಗ ಅಪ್ಪ ಬಾಗಿಲಲ್ಲೇ ಕೇಳಿದ, “ಅತ್ತೆಗೆ ಹೇಳಿದ್ಯಾ?”

“ಹ್ಞೂಂ” ಅಂದೆ.

ಯಾಕೆ ಹಾಗಂದೆ ಅಂತ ಈ ಒಂಬತ್ತು ದಿನ ಯೋಚಿಸಿದೆ. ಅಮ್ಮನಿಲ್ಲದ ನನ್ನನ್ನು ಸಾಕಿದವಳು ಒಳಗೆ ಮಲಗಿದ್ದಳು. ಅವಳ ಕೆಲಸವೆಂದು ಅಪ್ಪ ನನಗೆ ಹಚ್ಚಿದ್ದು ಒಂದೇ ಒಂದು, ಅದನ್ನೂ ಮಾಡಿಲ್ಲವೆಂದು ಹೇಳಲು ನಾಚಿಕೆಯಾಯಿತು. ಬೇರೆ ಕಾರಣ ಇಲ್ಲ. ಆಮೇಲೆ ಇಡೀ ಮಧ್ಯಾಹ್ನ ಇತ್ತು. ದೂರದಲ್ಲಿ ಗಾಡಿಯ ಸದ್ದಾದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಮಗಾಗಿ ನೋಡುತ್ತಿದ್ದ. ಐದು ಸಲ ಹೋದ. ಎಣಿಸುತ್ತ ಕೂತಿದ್ದೆ, ಬಾಯಿ ಬಿಡಲಿಲ್ಲ.

ನೀವು ಬಂದು ಜಗಳವಾಡಿ ಹೋದಿರಿ ಎಂದು ಆಮೇಲೆ ತಿಳಿಯಿತು. ಯಾಕೆಂದು ಕೇಳಿದೆ. “ಪೆಟ್ಟಿಗೆ ವಿಚಾರ” ಅಂದ ಅಪ್ಪ. ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಹನ್ನೊಂದು ವರ್ಷ ನಿಮ್ಮಿಬ್ಬರನ್ನೂ ಹಠಮಾರಿಗಳೆಂದು ಸಿಕ್ಕಸಿಕ್ಕವರ ಮುಂದೆ ಬೈದುಕೊಂಡು ತಿರುಗಿದ್ದೇನೆ. ಹೋದ ತಿಂಗಳು ನಿಮಗೇ ಬರೆದು ಬುದ್ಧಿ ಹೇಳಿದೆ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಅವನು ಮರೆತಿರಲಿಲ್ಲ, ಅಷ್ಟು ಮಾತ್ರ ತಿಳಿದುಕೊಳ್ಳಿ.

ನಿಮ್ಮ ಸೊಸೆ

*

ಏಪ್ರಿಲ್ 6

ಅಪ್ಪ,

ಅತ್ತೆಗೆ ಎಲ್ಲ ಬರೆದಿದ್ದೇನೆ. ಚೀಟಿ, ಫೋನು, ಹ್ಞೂಂ, ಎಲ್ಲ. ಇವತ್ತಿನ ಅಂಚೆಗೆ ಹಾಕಿಯಾಯಿತು, ಆದ್ದರಿಂದ ಬೇಡ ಅನ್ನುವ ಶ್ರಮ ತೆಗೆದುಕೊಳ್ಳಬೇಡ.

ನನ್ನನ್ನು ಯಾಕೆ ಒಂದು ಸಲವೂ ಕೇಳಲಿಲ್ಲ? ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೂ ಸರಿಯಾಗಿತ್ತು. ಹನ್ನೊಂದು ವರ್ಷ ನಾಲ್ಕು ನಾಲ್ಕು ಪುಟ ಮರಳಿನ ವಿಚಾರ ಬರೆದೆಯಲ್ಲ, ಅದರಲ್ಲಿ ಒಂದು ಸಾಲು ಇದಕ್ಕೆ ಜಾಗವಿರಲಿಲ್ಲವೇ? ನೀನು ನನ್ನನ್ನು ಕಾಪಾಡಿದೆ ಎಂದು ಕುಣಿದಾಡಲೇ? ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಕಚೇರಿಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿಲ್ಲ.

‘ತಡಗಿತ್ತಿ’ ಬೈಗುಳದ ಹಾಗಿದೆ ಎಂದು ಸಂಪಾದಕರು ಮುಖ ಹುಳ್ಳಗೆ ಮಾಡಿದರು. “ಬೈಗುಳವೇ ಸಾರ್, ಹಾಗೇ ಇರಲಿ” ಅಂದೆ. ಇಟ್ಟುಕೊಂಡರು. ಹೇಳಿದವರ ಜಾಗದಲ್ಲಿ ‘ಮಳೆ ಅಳೆಯುವವರು’ ಎಂದಿದೆ.

ಮಗಳು

*

ಏಪ್ರಿಲ್ 15

ಸೊಸೆಗೆ,

ಓದಿದೆ. ಮೂರು ಸಲ ಓದಿದೆ.

ಐದೂವರೆಗೆ ನಾನು ಹೊರಗೇ ಇದ್ದೆ. ಆ ದಿನದ ಪುಸ್ತಕ ತೆಗೆದು ನೋಡಿದೆ. ಉಷ್ಣಾಂಶ ನಲವತ್ತಾರು, ಗಾಳಿ ಪಶ್ಚಿಮದಿಂದ, ಮಳೆ ಇಲ್ಲ. ನನ್ನ ಅಕ್ಷರವೇ.

ನಿನಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ಕೆಟ್ಟದ್ದು ಬರೆಯುತ್ತೇನೆ. ಒಂದು ವಾರ ರಜೆ ಹಾಕಿದ್ದೇನೆ. ಹೊಸ ಸಹಾಯಕಿಗೆ ಲೆಕ್ಕ ತೆಗೆಯುವುದು ಹೇಳಿಕೊಟ್ಟು ಶನಿವಾರದ ವ್ಯಾನಿಗೆ ಹೋಗುತ್ತಿದ್ದೇನೆ. ನಿನ್ನಲ್ಲಿಗಲ್ಲ.

ಅತ್ತೆ

*

ಏಪ್ರಿಲ್ 20

ಮಗಳಿಗೆ,

ಹನ್ನೊಂದು ವರ್ಷ ಭದ್ರವಾಗಿ ಮುಚ್ಚಿಟ್ಟದ್ದನ್ನು ಒಂದು ಅಂಚೆಚೀಟಿ ಹಚ್ಚಿ ಕಳಿಸಿಬಿಟ್ಟೆ. ನಿನ್ನನ್ನು ಓದಿಸಿದ್ದು ತಪ್ಪಾಯಿತು.

ಶನಿವಾರ ನಲವತ್ತನೆಯ ಕಲ್ಲಿನ ಹತ್ತಿರ ಕೆಲಸ ಮಾಡುತ್ತಿದ್ದೆ. ಅಂಚೆ ವ್ಯಾನು ಬಂದು ನಿಂತಿತು, ಒಬ್ಬ ಹೆಂಗಸು ಇಳಿದಳು, ವ್ಯಾನು ಹೋಯಿತು. ಆ ಹೆಂಗಸು ನೇರ ರಸ್ತೆಯ ನಡುವೆ, ನನ್ನ ಬ್ಲೇಡಿನ ಎದುರಿಗೆ ಬಂದು ನಿಂತಳು. ಬ್ರೇಕ್ ಹಾಕಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಮೊದಲು ಗುರುತೇ ಸಿಗಲಿಲ್ಲ. ಸಲಿಕೆ ಹಿಡಿದ ಐದು ಜನ ಆಳುಗಳು ಸಲಿಕೆ ಊರಿ ನೋಡುತ್ತ ನಿಂತರು. ಮೇಸ್ತ್ರಿಯೂ ನಿಂತ, ಅವನಿಗಂತೂ ಇಂಥದ್ದೇ ಬೇಕು.

“ಮರೆತೆ ಅಂತ ಯಾಕೋ ಸುಳ್ಳು ಹೇಳಿದೆ?” ಅಂದಳು.

“ಏನು?” ಅಂದೆ.

“ಸುಳ್ಳು ಯಾಕೆ ಹೇಳಿದೆ ಅಂತ ಕೇಳ್ದೆ.”

“ಇಂಜಿನ್ ಸದ್ದು, ಕೇಳಿಸ್ತಿಲ್ಲ ಅಕ್ಕ.”

ಆಗ ಅವಳು ಕೈ ಬಾಯಿಗಿಟ್ಟು ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದಳು, “ನಿನ್ನನ್ನು ತಪ್ಪು ತಿಳ್ಕೊಂಡಿದ್ದೆ ಕಣೋ.” ಇಂಜಿನ್ ಬಂದ್ ಮಾಡಿದೆ. ನಿಜ ಹೇಳಬೇಕೆಂದರೆ ಮೊದಲನೆಯದೂ ಕೇಳಿಸಿತ್ತು. ಬೇಕೆಂದೇ ಸಮಯ ತಳ್ಳಿದೆ. ಆಳುಗಳು ಆ ದಿನದಿಂದ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ, ಕೆಲಸ ಮಾಡುವುದೇ ಕಷ್ಟವಾಗಿದೆ.

ಕ್ವಾರ್ಟರ್ಸಿಗೆ ಕರೆದುಕೊಂಡು ಬಂದೆ. ಬಂದವಳೇ ಕಿಟಕಿ ಸರಿಯಿಲ್ಲ, ಪಾತ್ರೆ ಸರಿಯಿಲ್ಲ, ಚಹಾದಲ್ಲಿ ಮರಳಿದೆ ಅಂದಳು. ಚಹಾದಲ್ಲಿ ಮರಳು ಇದ್ದೇ ಇರುತ್ತದೆ, ಇಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಆಮೇಲೆ ನನ್ನನ್ನು ಹೊಗಳಲು ಶುರು ಮಾಡಿದಳು. ಮಗಳಿಗೋಸ್ಕರ ಎಲ್ಲ ನುಂಗಿಕೊಂಡ, ಅಂಥವನು ಇಂಥವನು ಅಂತ. ಬೈಗುಳವಾದರೆ ತಡೆದುಕೊಳ್ಳಬಹುದು. ಇದನ್ನು ತಡೆಯಲಾಗದೆ ಅವಳಿಗೊಂದು ಮಾತು ಹೇಳಿದೆ. ಅದನ್ನು ನಿನಗೂ ಹೇಳಬೇಕು.

ಅವತ್ತು ನೀನು “ಹ್ಞೂಂ” ಅಂದಾಗ ನಿನ್ನ ಮುಖ ನೋಡಿದೆ. ಚಿಕ್ಕಂದಿನಿಂದ ನಿನ್ನ ಸುಳ್ಳು ನನಗೆ ಗೊತ್ತು, ಹೇಳುವಾಗ ಕಾಲ ಹೆಬ್ಬೆರಳು ನೋಡಿಕೊಳ್ಳುತ್ತೀಯ. ಅವತ್ತೂ ನೀನು ಹೆಬ್ಬೆರಳು ನೋಡಿಕೊಂಡೆ. ನಾನು ಇನ್ನೊಂದು ಸಲ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ಕೇಳಲಿಲ್ಲ. ಕೇಳಿ, ನೀನು ಇಲ್ಲವೆಂದಿದ್ದರೆ ಅಕ್ಕನಿಗೆ ಹೇಳಿ ಕಳಿಸಬೇಕಾಗಿತ್ತು, ಇನ್ನೊಂದು ದಿನ ಕಾಯಬೇಕಾಗಿತ್ತು. ನಲವತ್ತಾರು ಡಿಗ್ರಿ. ಆ ಕೋಣೆಯಲ್ಲಿ ಅಮ್ಮನನ್ನು ಇಟ್ಟುಕೊಂಡು ಇನ್ನೊಂದು ದಿನ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಗಾಡಿ ಸದ್ದಾದಾಗಲೆಲ್ಲ ಹೊರಗೆ ಹೋಗಿ ನೋಡಿದೆನಲ್ಲ, ಅದು ಬರುವವಳನ್ನು ನೋಡಲು ಅಲ್ಲ. ಒಳಗೆ ಕೂರಲಾಗದೆ.

ಹಾಗಾಗಿ ಅಕ್ಕನಿಗೆ ಮರೆತೆ ಅಂದದ್ದು ಪೂರ್ತಿ ನಿನಗೋಸ್ಕರ ಅಲ್ಲ. ಅರ್ಧ ನನಗೋಸ್ಕರ. ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿ ಇನ್ನೊಂದು ಕಾಗದ ಬರೆಯಬೇಡ, ಓದುವುದಿಲ್ಲ.

ಇದನ್ನು ಕೇಳಿ ನಿನ್ನ ಅತ್ತೆ ಎದ್ದು ಹೋಗಿ ಎರಡು ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಕತ್ತಲಾಗುವವರೆಗೆ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ “ಬೆಳಿಗ್ಗೆ ಅಮ್ಮನ ಹತ್ತಿರ ಕರ್ಕೊಂಡು ಹೋಗು” ಅಂದಳು.

ನಿನ್ನೆ ಬೆಳಿಗ್ಗೆ ಹೋದೆವು. ಕಲ್ಲುಗಳು ಅರ್ಧ ಮರಳಿನಲ್ಲಿ ಹೂತುಹೋಗಿವೆ. ದಿನಾ ಊರಿಗೆಲ್ಲ ರಸ್ತೆ ಬಿಡಿಸುವವನು ತಾಯಿಯ ಮೇಲಿನ ಮರಳು ತೆಗೆಯಲಿಲ್ಲವಲ್ಲೋ ಅಂದಳು. ಮಾತು ಸರಿಯಾಗಿಯೇ ಇತ್ತು. ಇಬ್ಬರೂ ಮಂಡಿಯೂರಿ ಕೈಯಿಂದಲೇ ತೋಡಿದೆವು. ಒಂದೊಂದು ಕಲ್ಲನ್ನೂ ನಾನು ಇಟ್ಟ ಕಡೆಯಿಂದ ತೆಗೆದು ಅವಳು ಬೇರೆ ಕಡೆ ಇಟ್ಟಳು. ಕೊನೆಯ ಕಲ್ಲಿಡುವಾಗ ಅಳು ಬಂತು ಅವಳಿಗೆ. ನನ್ನ ತೋಳು ಹಿಡಿದುಕೊಂಡು ಅತ್ತಳು, ಬಹಳ ಹೊತ್ತು. ಇಷ್ಟು ವರ್ಷದ ಮೇಲೆ ಅಳುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ತೋಳು ಬಿಡಿಸಿಕೊಳ್ಳಲಿಲ್ಲ.

ವಾಪಸು ಬರುವಾಗ ನಿನ್ನ ವಿಚಾರ ಬಂತು. ನಿನ್ನ ಮೇಲೆ ಅವಳ ಸಿಟ್ಟು ಇಳಿದಿಲ್ಲ. ನನ್ನ ಮೇಲಿದ್ದದ್ದೂ ಈಗ ನಿನ್ನ ಕಡೆಗೇ ಬಂದಿದೆ ಅಂತ ಕಾಣುತ್ತದೆ. “ಕಾಗದದಲ್ಲಿ ಬರೆದ್ಲು, ಎದುರಿಗೆ ಬಂದು ಹೇಳೋ ಧೈರ್ಯ ಇದೆಯಾ ಅವಳಿಗೆ?” ಅಂದಳು. ಇದೆ ಅಂದೆ. ನಿನ್ನನ್ನು ಕೇಳದೆ ಹೇಳಿದೆ, ಅದೊಂದು ತಪ್ಪಾಗಿದ್ದರೆ ಸೇರಿಸಿಕೋ.

ಅವಳು ಶನಿವಾರದವರೆಗೆ ಇರುತ್ತಾಳೆ. ಈ ಕಾಗದವನ್ನು ಉಪ್ಪಿನ ಲಾರಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ, ಗುರುವಾರ ಆ ಲಾರಿ ಅಲ್ಲಿಂದ ವಾಪಸು ಹೊರಡುತ್ತದೆ, ಚಾಲಕನಿಗೆ ಹೇಳಿದ್ದೇನೆ. ಬಾ. ಬಂದ ಕೂಡಲೇ ಬೈಯುತ್ತಾಳೆ, ಚೀಲ ಕೆಳಗಿಡಲೂ ಬಿಡುವುದಿಲ್ಲ. ಅಡ್ಡ ಮಾತಾಡಬೇಡ. ಕಾರಣ ಹೇಳಬೇಡ, ಕಾರಣವೆಲ್ಲ ಓದಿದ್ದಾಳೆ. ಪೂರ್ತಿ ಬೈಯಲಿ. ಎಷ್ಟು ಹೊತ್ತಾಗುತ್ತದೋ ಆಗಲಿ.

ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಅಪ್ಪ